ಕೈಗೆ ಗೊತ್ತಿರುವುದನ್ನು ಮಾತಿಗೆ ತರುವುದು: ನಿಯಮ ಬರೆದು ಚಿತ್ರ ಬಿಡಿಸುವ ಕಲಿಕೆ

ಹಾಳೆಯ ಮೇಲೆ ಒಂದು ಚೌಕ ಬಿಡಿಸಿ ಎಂದರೆ ನೀವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತೀರಿ. ಈಗ ಪೆನ್ನು ಕೆಳಗಿಡಿ. ಪಕ್ಕದಲ್ಲಿ ಕೂತವರು ಕಣ್ಣು ಮುಚ್ಚಿಕೊಂಡು ನಡೆಯುತ್ತಾರೆ, ಅವರು ನಡೆದ ದಾರಿಯೇ ಚೌಕವಾಗಬೇಕು, ನೀವು ಬಾಯಿಮಾತಿನಲ್ಲಿ ಸೂಚನೆ ಕೊಡಬೇಕು ಎಂದುಕೊಳ್ಳಿ. ‘ಚೌಕಾಕಾರವಾಗಿ ನಡೆಯಿರಿ’ ಎನ್ನುವಂತಿಲ್ಲ, ಚೌಕ ಎಂದರೇನೆಂದು ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಎರಡೇ: ಇಷ್ಟು ಹೆಜ್ಜೆ ಮುಂದೆ ಹೋಗುವುದು, ನಿಂತಲ್ಲೇ ಇಷ್ಟು ಡಿಗ್ರಿ ತಿರುಗುವುದು.

ಸ್ವಲ್ಪ ಯೋಚಿಸಿದರೆ ಉತ್ತರ ಸಿಗುತ್ತದೆ. ಮುಂದೆ 100, ಬಲಕ್ಕೆ 90. ಇದನ್ನೇ 4 ಸಲ ಮಾಡಿ. ನಾಲ್ಕನೆಯ ಸಲ ಬಲಕ್ಕೆ ತಿರುಗುವ ಅಗತ್ಯವಿಲ್ಲ, ಅಷ್ಟರಲ್ಲಿ ಚೌಕ ಮುಗಿದಿರುತ್ತದೆ. ಆದರೂ ತಿರುಗಿಸಿ. ತಿರುಗಿಸಿದರೆ ಹೊರಟ ಜಾಗಕ್ಕೆ ಮಾತ್ರವಲ್ಲ, ಹೊರಟ ದಿಕ್ಕಿಗೂ ಮರಳಿರುತ್ತೀರಿ. ಇದು ಈಗ ಸಣ್ಣ ವಿಷಯ ಅನ್ನಿಸಬಹುದು. ಮುಂದೆ ಮರ ಬಿಡಿಸುವಾಗ ಇದೇ ನಮ್ಮನ್ನು ಕಾಯುತ್ತದೆ.

ಈ ಕ್ರಮಕ್ಕೆ ಒಂದು ಇತಿಹಾಸವಿದೆ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ವಾಲಿ ಫೋರ್ಜೈಗ್ ಸೇರಿ ಮಕ್ಕಳಿಗಾಗಿ ‘ಲೋಗೊ’ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು. ಮೊದಲಿಗೆ ಅದು ಪದಗಳೊಂದಿಗೆ, ವಾಕ್ಯಗಳೊಂದಿಗೆ ಆಡುವ ಭಾಷೆಯಾಗಿತ್ತು. ಆಮೆ ಬಂದದ್ದು ಕೆಲವು ವರ್ಷಗಳ ನಂತರ. ನೆಲದ ಮೇಲೆ ಹರಿದಾಡುತ್ತ, ಹೊಟ್ಟೆಯಡಿಯ ಪೆನ್ನಿನಿಂದ ಗೆರೆ ಎಳೆಯುವ ಪುಟ್ಟ ಯಂತ್ರವದು. ಆಮೇಲೆ ಅದೇ ಆಮೆ ಪರದೆಯೊಳಗೆ ಸೇರಿಕೊಂಡಿತು. ಪೇಪರ್ಟ್ ಅದಕ್ಕೂ ಮೊದಲು ಜಿನೀವಾದಲ್ಲಿ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಜೀನ್ ಪಿಯಾಜೆ ಅವರ ಜೊತೆ ಕೆಲಸ ಮಾಡಿದ್ದವರು. ಮಗುವಿಗೆ ತನ್ನ ಮೈಯ ಚಲನೆ ಗೊತ್ತು, ಜ್ಯಾಮಿತಿಯನ್ನು ಅಲ್ಲಿಂದಲೇ ಶುರುಮಾಡಬಹುದು ಎಂಬುದು ಪೇಪರ್ಟ್ ಅವರ ನಂಬಿಕೆ. ಆಮೆ ಹೇಗೆ ತಿರುಗಬೇಕೆಂದು ಗೊತ್ತಾಗದಿದ್ದರೆ ಎದ್ದು ನಿಂತು ನೀವೇ ಆಮೆಯಾಗಿ ನಡೆದು ನೋಡಿ. ದೊಡ್ಡವರಿಗೂ ನಾನು ಇದನ್ನೇ ಹೇಳುವುದು.

ಈಗ ತ್ರಿಕೋನ. ಮೂರೂ ಬಾಹು ಸಮ. ಎಷ್ಟು ಡಿಗ್ರಿ ತಿರುಗಬೇಕು? ಈ ಪ್ರಶ್ನೆ ಎಲ್ಲಿ ಕೇಳಿದರೂ ಹೆಚ್ಚಿನವರ ಉತ್ತರ 60. ಸಮಬಾಹು ತ್ರಿಕೋನದ ಒಳಕೋನ 60 ಎಂದು ಶಾಲೆಯಲ್ಲಿ ಓದಿದ್ದೇವಲ್ಲ. 60 ಹಾಕಿ ಓಡಿಸಿದರೆ ಪರದೆಯ ಮೇಲೆ ಬರುವುದು ಅರ್ಧ ಷಟ್ಕೋನ. ಎದ್ದು ನಡೆದರೆ ಕಾರಣ ತಿಳಿಯುತ್ತದೆ: ಮೂಲೆಗೆ ಬಂದಾಗ ನಿಮ್ಮ ಮುಖ ಇನ್ನೂ ಮುಂದಕ್ಕೇ ಇರುತ್ತದೆ. ಅಲ್ಲಿಂದ ಮುಂದಿನ ಬಾಹುವಿನ ದಿಕ್ಕಿಗೆ ಬರಲು ತಿರುಗಬೇಕಾದ್ದು ಹೊರಕೋನದಷ್ಟು, ಅಂದರೆ 120. ನನಗೆ ಈ ಅರ್ಧ ಷಟ್ಕೋನದ ಮೇಲೆ ಬಹಳ ಗೌರವ. ಕೆಂಪು ಅಕ್ಷರದ ದೋಷಸೂಚನೆ ಇಲ್ಲ, ಪ್ರೋಗ್ರಾಮ್ ನಿಂತುಹೋಗಿಲ್ಲ. ನೀವು ಹೇಳಿದ್ದು ಇದನ್ನೇ ಎಂದು ಗೆರೆಯಲ್ಲಿ ತೋರಿಸುತ್ತದೆ, ಅಷ್ಟೆ. ಬೇರೆ ಬಗೆಯ ಪ್ರೋಗ್ರಾಮಿನಲ್ಲಿ ತಪ್ಪು ಯಾವುದೋ ಸಂಖ್ಯೆಯೊಳಗೆ ಅಡಗಿ ಕೂತಿರುತ್ತದೆ, ಹುಡುಕಬೇಕು. ಚಿತ್ರದಲ್ಲಿ ಅಡಗಲು ಜಾಗವೇ ಇಲ್ಲ. ಮೊದಲ ಸಲ ಕೋಡ್ ಕಲಿಯುವವರಿಗೆ ಚಿತ್ರಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಚೌಕದಲ್ಲಿ 90 ಅನ್ನು 4 ಸಲ ತಿರುಗಿದೆವು, ಒಟ್ಟು 360. ತ್ರಿಕೋನದಲ್ಲಿ 120 ಅನ್ನು 3 ಸಲ, ಮತ್ತೆ 360. ಸುತ್ತಿ ಬಂದು ಹೊರಟ ದಿಕ್ಕಿಗೇ ನಿಂತರೆ ಒಟ್ಟು ತಿರುವು 360 ಅಥವಾ ಅದರ ಪೂರ್ಣ ಗುಣಿತ ಆಗಲೇಬೇಕು. ಐದು ಮೂಲೆಯ ನಕ್ಷತ್ರಕ್ಕೆ ಪ್ರತಿ ಸಲ 144 ತಿರುಗಬೇಕು. ಐದು ಸಲಕ್ಕೆ 720. ಅಂದರೆ ನಕ್ಷತ್ರ ಬಿಡಿಸುವಾಗ ನೀವು ಎರಡು ಪೂರ್ತಿ ಸುತ್ತು ತಿರುಗಿದ್ದೀರಿ. ಹಾಗಾದರೆ ಏಳು ಮೂಲೆಯ ನಕ್ಷತ್ರ? 720 ಅನ್ನು 7ರಿಂದ ಭಾಗಿಸಿ, ಒಂದು ಬಗೆ ಬರುತ್ತದೆ. 1080 ಅನ್ನು 7ರಿಂದ ಭಾಗಿಸಿ, ಇನ್ನೂ ಚೂಪಾದ ಇನ್ನೊಂದು ಬಗೆ. ಆರು ಮೂಲೆಗೆ 720 ಅನ್ನು 6ರಿಂದ ಭಾಗಿಸಿದರೆ ಮಾತ್ರ ನಕ್ಷತ್ರ ಬರುವುದಿಲ್ಲ, ಒಂದೇ ತ್ರಿಕೋನದ ಮೇಲೆ ಎರಡು ಸಲ ಓಡಾಡುತ್ತೀರಿ. ಏಕೆಂದು ಮನೆಗೆ ಹೋಗುವಾಗ ಯೋಚಿಸಿ.

ವೃತ್ತ? ಮುಂದೆ 1, ಬಲಕ್ಕೆ 1, ಇದನ್ನು 360 ಸಲ. ಲೆಕ್ಕದ ಕಣ್ಣಿಗೆ ಅದು 360 ಬಾಹುಗಳ ಬಹುಭುಜ, ನಮ್ಮ ಕಣ್ಣಿಗೆ ವೃತ್ತ. ಶಾಲೆಯಲ್ಲಿ ವೃತ್ತವನ್ನು ಹೇಳಿಕೊಟ್ಟದ್ದು ಕೇಂದ್ರದಿಂದ: ಎಲ್ಲ ಬಿಂದುಗಳೂ ಕೇಂದ್ರದಿಂದ ಒಂದೇ ದೂರ. ಆಮೆಗೆ ಕೇಂದ್ರ ಎಲ್ಲಿದೆಯೆಂದೇ ಗೊತ್ತಿಲ್ಲ. ತನ್ನ ಮೂಗಿನ ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು. ಪ್ರತಿ ಹೆಜ್ಜೆಗೂ ಒಂದೇ ಪ್ರಮಾಣದಲ್ಲಿ ತಿರುಗಿದರೆ ಸಾಕು, ವೃತ್ತ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದೇ ಆಕೃತಿಯನ್ನು ಹೀಗೆ ಎರಡು ಬೇರೆ ಬೇರೆ ಜಾಗದಲ್ಲಿ ನಿಂತು ಹೇಳಬಹುದು ಎಂದು ತಿಳಿದ ದಿನ ಗಣಿತ ಬೇರೆಯೇ ಆಗಿ ಕಾಣುತ್ತದೆ.

ಇನ್ನು ವೇರಿಯಬಲ್. ಹೆಸರು ಕೇಳಿ ಹೆದರಬೇಡಿ. ಚೌಕದ ಸೂಚನೆಯಲ್ಲಿ 100 ಎಂಬಲ್ಲಿ ‘ಉದ್ದ’ ಎಂದು ಬರೆಯಿರಿ. ಉದ್ದ ಮೊದಲು 5. ಪ್ರತಿ ತಿರುವಿನ ನಂತರ ಉದ್ದಕ್ಕೆ 3 ಕೂಡಿಸುತ್ತ ಹೋಗಿ. ಚೌಕ ಮುಚ್ಚಿಕೊಳ್ಳುವುದಿಲ್ಲ, ಹೊರಕ್ಕೆ ಬೆಳೆಯುವ ಚೌಕಾಕಾರದ ಸುರುಳಿಯಾಗುತ್ತದೆ. ಈಗ ಬೇರೇನೂ ಮುಟ್ಟದೆ 90 ಅನ್ನು 91 ಮಾಡಿ. ಒಂದೇ ಒಂದು ಡಿಗ್ರಿ. ಸುರುಳಿಯ ನಾಲ್ಕೂ ಮೂಲೆಗಳು ಸುತ್ತಿಗೆ 4 ಡಿಗ್ರಿಯಷ್ಟು ಸರಿಯುತ್ತ, ಇಡೀ ಚಿತ್ರ ಸುಳಿಯಂತೆ ತಿರುಚಿಕೊಳ್ಳುತ್ತದೆ. ಎಳೆದ ಗೆರೆಗಳೆಲ್ಲ ನೇರ, ಕಣ್ಣಿಗೆ ಕಾಣುವುದು ನಾಲ್ಕು ಬಾಗಿದ ತೋಳು. ಕೋಡ್ ಎಂದರೆ ಆಗದು ಎನ್ನುವವರನ್ನು ಈ 91ರ ಮುಂದೆ ಕೂರಿಸಿ. 89 ಹಾಕಿದರೆ ಏನಾಗುತ್ತದೆ, 121 ಹಾಕಿದರೆ ಏನಾಗುತ್ತದೆ ಎಂದು ಅವರೇ ಕೇಳಲು ಶುರುಮಾಡುತ್ತಾರೆ.

ಇಲ್ಲೊಂದು ಘಟನೆ ಹೇಳಬೇಕು. 1965ರ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ದಾರ್ಶನಿಕ ಮ್ಯಾಕ್ಸ್ ಬೆನ್ಸೆ ಅವರ ವಿಭಾಗದಲ್ಲಿ, ಜಾರ್ಜ್ ನೇಸ್ ಎಂಬುವರ ಚಿತ್ರಗಳ ಪ್ರದರ್ಶನ ನಡೆಯಿತು. ನೇಸ್ ಸೀಮೆನ್ಸ್ ಕಂಪನಿಯಲ್ಲಿದ್ದ ಗಣಿತಜ್ಞರು. ಪ್ರೋಗ್ರಾಮ್ ಬರೆದು ಪ್ಲಾಟರ್ ಯಂತ್ರದ ಪೆನ್ನಿನಿಂದ ಬಿಡಿಸಿದ ಚಿತ್ರಗಳವು. ಅದೇ ವರ್ಷ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ಮೈಕೇಲ್ ನೋಲ್ ಅವರ ಕಂಪ್ಯೂಟರ್ ಚಿತ್ರಗಳೂ ಗೋಡೆಗೇರಿದವು. ಸ್ಟುಟ್‌ಗಾರ್ಟ್‌ಗೆ ಬಂದಿದ್ದ ಕಲಾವಿದರಿಗೆ ಇದು ಹಿಡಿಸಲಿಲ್ಲ. ಅವರಲ್ಲೊಬ್ಬರು ನೇಸ್ ಅವರನ್ನು, ನಿಮ್ಮ ಯಂತ್ರ ನನ್ನ ಕೈಯ ಓಟದಲ್ಲಿ, ನನ್ನ ರೀತಿಯಲ್ಲಿ ಗೆರೆ ಎಳೆಯಬಲ್ಲುದೇ ಎಂದು ಕೇಳಿದರಂತೆ. ನೀವು ಹೇಗೆ ಎಳೆಯುತ್ತೀರಿ ಎಂದು ನೀವು ಹೇಳಿದರೆ ಖಂಡಿತ ಎಳೆಯಬಲ್ಲುದು ಎಂಬರ್ಥದ ಉತ್ತರ ನೇಸ್ ಅವರಿಂದ ಬಂತು. ಅದೇ ಕಾಲದಲ್ಲಿ ಇಂಥ ಚಿತ್ರಗಳನ್ನು ಮಾಡುತ್ತಿದ್ದ ಫ್ರೀಡರ್ ನಾಕೆ ಮುಂದೆ ಇದನ್ನು ನೆನಪಿಸಿಕೊಂಡು ಬರೆದಿದ್ದಾರೆ.

ಈ ಉತ್ತರದಲ್ಲಿ ಸೊಕ್ಕಿದೆ ಎಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ನಮ್ಮ ಕೈಗೆ ಎಷ್ಟೋ ಗೊತ್ತಿದೆ, ಬಾಯಿಗೆ ಅದು ಬಂದಿಲ್ಲ. ಒಂದು ಮರ ಬಿಡಿಸಿ ಎಂದರೆ ಬಿಡಿಸುತ್ತೇವೆ. ಕೊಂಬೆ ಎಲ್ಲಿ ಕವಲೊಡೆಯಬೇಕು, ಎಷ್ಟು ತೆಳುವಾಗಬೇಕು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಅಲ್ಗಾರಿದಮ್, ಅಂದರೆ ಹಂತಹಂತದ ಸೂಚನೆ, ಬರೆದು ಚಿತ್ರ ಮಾಡುವುದೆಂದರೆ ಆ ತಡವರಿಕೆಯನ್ನು ದಾಟುವುದು. ಕೆಲವನ್ನು ಮಾತಿಗೆ ತರಬಹುದು, ಕೆಲವು ಜಾರುತ್ತಲೇ ಇರುತ್ತವೆ. ಯಾವುದು ಜಾರುತ್ತಿದೆ ಎಂದು ತಿಳಿಯುವುದಕ್ಕೂ ಬರೆದು ನೋಡಲೇಬೇಕು.

ಒಂದು ಗೆರೆ ಎಳೆಯುವುದನ್ನೇ ನೋಡಿ. ಪರದೆ ಎಂದರೆ ಪುಟ್ಟ ಚೌಕಗಳ, ಪಿಕ್ಸೆಲ್‌ಗಳ ಜಾಲರಿ. ಓರೆ ಗೆರೆ ಅಲ್ಲಿ ಸಾಧ್ಯವೇ ಇಲ್ಲ, ಯಾವ ಚೌಕಗಳನ್ನು ತುಂಬಬೇಕೆಂದು ಆರಿಸಬೇಕು, ಅಷ್ಟೆ. ಮೂಲೆಯ ಸೊನ್ನೆಯಿಂದ ಹೊರಟು 5 ಚೌಕ ಬಲಕ್ಕೆ, 2 ಚೌಕ ಮೇಲಕ್ಕೆ ತಲುಪಬೇಕು ಎನ್ನಿ. ಬಲಕ್ಕೆ ಒಂದೊಂದು ಹೆಜ್ಜೆಗೆ ಎತ್ತರ 0.4ರಂತೆ ಏರುತ್ತದೆ: 0, 0.4, 0.8, 1.2, 1.6, 2. ಹತ್ತಿರದ ಪೂರ್ಣಾಂಕ ಹಿಡಿದರೆ 0, 0, 1, 1, 2, 2. ಇದೇ ಆ ಗೆರೆ. ಈ ದಶಾಂಶಗಳೂ ಬೇಡ, ಪೂರ್ಣಾಂಕಗಳನ್ನು ಕೂಡಿ ಕಳೆದು ಹೋಲಿಸಿದರೆ ಸಾಕು ಎಂದು ತೋರಿಸಿದವರು ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್. 1962ರಲ್ಲಿ, ಒಂದು ಪ್ಲಾಟರ್‌ಗಾಗಿ ರೂಪಿಸಿದ ವಿಧಾನವದು. ಇಂದಿಗೂ ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಚೌಕಳಿ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಒಂದು ಸಲ ನೀವೇ ಮಾಡಿ.

ಈಗ ಮರಕ್ಕೆ ಬರೋಣ. ಮರ ಎಂದರೆ ಒಂದು ಕಾಂಡ, ಅದರ ತುದಿಯಲ್ಲಿ ಎರಡು ಪುಟ್ಟ ಮರ. ಆ ಪುಟ್ಟ ಮರಗಳೂ ಹಾಗೆಯೇ. ಸೂಚನೆ ಹೀಗಿರುತ್ತದೆ:

ಮರ, ಉದ್ದ ಇಷ್ಟು:
ಉದ್ದ 5ಕ್ಕಿಂತ ಕಡಿಮೆಯಿದ್ದರೆ ಏನೂ ಮಾಡದೆ ಮರಳು.
ಉದ್ದದಷ್ಟು ಮುಂದೆ ಹೋಗು.
ಎಡಕ್ಕೆ 30. ಮರ ಬಿಡಿಸು, ಉದ್ದದ 0.7ರಷ್ಟು.
ಬಲಕ್ಕೆ 60. ಮರ ಬಿಡಿಸು, ಉದ್ದದ 0.7ರಷ್ಟು.
ಎಡಕ್ಕೆ 30. ಉದ್ದದಷ್ಟು ಹಿಂದೆ ಬಾ.

ಮರ ಬಿಡಿಸುವ ಸೂಚನೆಯೊಳಗೇ ಮರ ಬಿಡಿಸು ಎಂದಿದೆ. ಇದಕ್ಕೆ ರಿಕರ್ಷನ್ ಎನ್ನುತ್ತಾರೆ. ‘ಮರಳು’ ಎನ್ನುವ ಸಾಲು ಇಲ್ಲದಿದ್ದರೆ ಇದು ನಿಲ್ಲುವುದೇ ಇಲ್ಲ. ಅದನ್ನು ಎಲ್ಲರೂ ಒತ್ತಿ ಹೇಳುತ್ತಾರೆ. ಕೊನೆಯ ಸಾಲನ್ನು ಯಾರೂ ಅಷ್ಟು ಒತ್ತುವುದಿಲ್ಲ, ನಾನು ಒತ್ತುತ್ತೇನೆ. ಎಡಗಡೆಯ ಪುಟ್ಟ ಮರ ಮುಗಿದಾಗ ಆಮೆ ಎಲ್ಲಿರಬೇಕು? ಆ ಮರ ಶುರುವಾದ ಜಾಗದಲ್ಲೇ, ಆಗ ಇದ್ದ ದಿಕ್ಕಿನಲ್ಲೇ. ಇಲ್ಲದಿದ್ದರೆ ‘ಬಲಕ್ಕೆ 60’ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಎಡಕ್ಕೆ 30, ಬಲಕ್ಕೆ 60, ಎಡಕ್ಕೆ 30 ಕೂಡಿದರೆ ಸೊನ್ನೆ. ಮುಂದೆ ಹೋದಷ್ಟೇ ಹಿಂದೆ. ಚೌಕದ ನಾಲ್ಕನೆಯ ತಿರುವನ್ನು ಬಿಡಬೇಡಿ ಎಂದಿದ್ದು ಈ ಅಭ್ಯಾಸಕ್ಕಾಗಿಯೇ. ಉದ್ದ 100ರಿಂದ ಶುರುಮಾಡಿದರೆ 9 ಹಂತ ಬೆಳೆಯುತ್ತದೆ, ಒಟ್ಟು 511 ಗೆರೆ. ಬರೆದದ್ದು ಆರು ಸಾಲು.

ಹೆಲ್ಗೆ ಫಾನ್ ಕಾಕ್ ಎಂಬ ಸ್ವೀಡನ್ನಿನ ಗಣಿತಜ್ಞರು 1904ರಲ್ಲಿ ಕೊಟ್ಟ ರೇಖೆಯೂ ಹೀಗೆಯೇ. ನೇರ ಗೆರೆಯ ಜಾಗದಲ್ಲಿ ‘ಮುಂದೆ, ಎಡಕ್ಕೆ 60, ಮುಂದೆ, ಬಲಕ್ಕೆ 120, ಮುಂದೆ, ಎಡಕ್ಕೆ 60, ಮುಂದೆ’ ಎಂದು ಇಡಿ. ಪ್ರತಿ ‘ಮುಂದೆ’ಯೂ ಮೊದಲಿನ ಗೆರೆಯ ಮೂರನೇ ಒಂದು ಪಾಲು. ಆ ನಾಲ್ಕೂ ಗೆರೆಗಳ ಜಾಗದಲ್ಲಿ ಮತ್ತೆ ಅದನ್ನೇ ಇಡಿ. ಪ್ರತಿ ಹಂತಕ್ಕೂ ಒಟ್ಟು ಉದ್ದ ಮೂರನೇ ಒಂದು ಪಾಲು ಹೆಚ್ಚುತ್ತದೆ, ಹೆಚ್ಚುತ್ತಲೇ ಹೋಗುತ್ತದೆ. ತ್ರಿಕೋನದ ಮೂರು ಬಾಹುಗಳಿಗೂ ಹೀಗೆ ಹೊರಮುಖವಾಗಿ ಮಾಡಿದರೆ ಹಿಮದ ಹರಳಿನಂಥ ಆಕೃತಿ ಬರುತ್ತದೆ. ಅದರ ಅಂಚು ಅನಂತಕ್ಕೆ ಬೆಳೆದರೂ ಒಳಗಿನ ಜಾಗ ಮೊದಲ ತ್ರಿಕೋನದ 1.6 ಪಟ್ಟು ಮೀರುವುದಿಲ್ಲ.

1968ರಲ್ಲಿ ಅರಿಸ್ಟಿಡ್ ಲಿಂಡೆನ್‌ಮೇಯರ್ ಎಂಬ ಜೀವವಿಜ್ಞಾನಿ ಇಂಥ ಬದಲಿ ನಿಯಮಗಳನ್ನು ಅಕ್ಷರಗಳಲ್ಲಿ ಬರೆದು ಸಸ್ಯಗಳ ಬೆಳವಣಿಗೆಯನ್ನು ವಿವರಿಸಿದರು. ನಮ್ಮ ಅಕ್ಷರದಲ್ಲೇ ಹೇಳುತ್ತೇನೆ. ‘ಕ’ ಕಂಡಲ್ಲಿ ‘ಕಖ’ ಬರೆಯಿರಿ, ‘ಖ’ ಕಂಡಲ್ಲಿ ‘ಕ’ ಬರೆಯಿರಿ. ಕ, ಕಖ, ಕಖಕ, ಕಖಕಕಖ ಎಂದು ಬೆಳೆಯುತ್ತದೆ. ಅಕ್ಷರಗಳ ಎಣಿಕೆ 1, 2, 3, 5, ಆಮೇಲೆ 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಈ ಫಿಬೊನಾಚಿ ಸರಣಿಯನ್ನು ಯಾರೂ ಇಲ್ಲಿ ತಂದು ತುರುಕಿಲ್ಲ, ಎರಡು ನಿಯಮಗಳಿಂದ ಹುಟ್ಟಿಕೊಂಡಿದೆ. ಒಂದೊಂದು ಅಕ್ಷರಕ್ಕೂ ಆಮೆಯ ಒಂದೊಂದು ಚಲನೆ ಗೊತ್ತುಮಾಡಿಕೊಂಡರೆ ಈ ಸಾಲುಗಳು ಚಿತ್ರವಾಗುತ್ತವೆ. ನಿಮ್ಮದೇ ಬಳ್ಳಿಗೆ ನಿಮ್ಮದೇ ನಿಯಮ ಬರೆಯಬಹುದು.

ಸೂರ್ಯಕಾಂತಿಯ ಬೀಜಗಳ ಜೋಡಣೆಗೂ ಅಷ್ಟೇ ಚಿಕ್ಕ ಸೂತ್ರವಿದೆ, 1979ರಲ್ಲಿ ಹೆಲ್ಮುಟ್ ಫೋಗೆಲ್ ಕೊಟ್ಟದ್ದು. ಎಷ್ಟನೆಯ ಚುಕ್ಕೆಯೋ ಆ ಸಂಖ್ಯೆಯನ್ನು 137.5 ಡಿಗ್ರಿಯಿಂದ ಗುಣಿಸಿದರೆ ಅದರ ಕೋನ. ಅದೇ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಕೇಂದ್ರದಿಂದ ದೂರ. ವರ್ಗಮೂಲ ಏಕೆ? ತ್ರಿಜ್ಯ ಎರಡು ಪಟ್ಟಾದರೆ ವೃತ್ತದೊಳಗಿನ ಜಾಗ ನಾಲ್ಕು ಪಟ್ಟಾಗುತ್ತದೆ, ಹಿಡಿಸುವ ಚುಕ್ಕೆಗಳೂ ನಾಲ್ಕು ಪಟ್ಟು. ವರ್ಗಮೂಲ ಬಿಟ್ಟು ಸಂಖ್ಯೆಯನ್ನೇ ದೂರವೆಂದು ಹಿಡಿದರೆ ನಡುವೆ ಕಿಕ್ಕಿರಿದು, ಅಂಚಿನಲ್ಲಿ ಬಿಕೋ ಎನ್ನುತ್ತದೆ. 137.5ರ ಬದಲು 135 ಹಾಕಿ ನೋಡಿ, ಹೂವು ಮಾಯವಾಗಿ 8 ನೇರ ಕಡ್ಡಿಗಳು ಉಳಿಯುತ್ತವೆ. 137 ಹಾಕಿದರೂ ನಡುವೆ ಬಿರುಕು ಬಿಟ್ಟ ಬಾಗಿದ ತೋಳುಗಳು. ಅರ್ಧ ಡಿಗ್ರಿಯ ವ್ಯತ್ಯಾಸವನ್ನು ಕಣ್ಣು ತಕ್ಷಣ ಹಿಡಿಯುತ್ತದೆ.

ಇಲ್ಲಿಯವರೆಗಿನ ಎಲ್ಲ ಚಿತ್ರಗಳೂ ಎಷ್ಟು ಸಲ ಓಡಿಸಿದರೂ ಒಂದೇ. ಈಗ ರ‍್ಯಾಂಡಮ್ ಸಂಖ್ಯೆಗಳನ್ನು, ಅಂದರೆ ದಾಳ ಹಾಕಿದಂತೆ ಮೊದಲೇ ಹೇಳಲಾಗದ ಸಂಖ್ಯೆಗಳನ್ನು, ಒಳಗೆ ಬಿಡೋಣ. ಹೊಸಬರು ಸಾಮಾನ್ಯವಾಗಿ ಎಲ್ಲವನ್ನೂ ರ‍್ಯಾಂಡಮ್ ಮಾಡುತ್ತಾರೆ: ಜಾಗ, ಗಾತ್ರ, ಬಣ್ಣ, ಕೋನ. ಬರುವುದು ಗದ್ದಲ. ನೂರು ಚಿತ್ರ ತೆಗೆದರೂ ಎಲ್ಲ ಒಂದೇ ಥರ ಕಾಣುತ್ತವೆ. ಅವ್ಯವಸ್ಥೆಗೂ ಒಂದು ಅಳತೆ ಬೇಕು. ಇದನ್ನು ನೇಸ್ ಅವರಿಂದಲೇ ಕಲಿಯಬೇಕು. ‘ಶಾಟರ್’ ಎಂಬುದು 1968ರ ಸುಮಾರಿನ ಅವರ ಚಿತ್ರ. ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳು. ಮೇಲಿನ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿವೆ. ಕೆಳಗಿಳಿದಂತೆ ಸ್ವಲ್ಪ ವಾಲುತ್ತವೆ, ಜರುಗುತ್ತವೆ, ಕೊನೆಯ ಸಾಲುಗಳಲ್ಲಿ ಒಂದರ ಮೇಲೊಂದು ಬಿದ್ದು ಚೆಲ್ಲಾಪಿಲ್ಲಿಯಾಗುತ್ತವೆ.

ಇದನ್ನು ಬರೆಯಲು ಎರಡು ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ, ಸಾಕು, ಒಂದು ಸಾಲುಗಳಿಗೆ, ಒಂದು ಆ ಸಾಲಿನ ಚೌಕಗಳಿಗೆ. ಪ್ರತಿ ಚೌಕಕ್ಕೂ -1ರಿಂದ 1ರ ನಡುವಿನ ಒಂದು ರ‍್ಯಾಂಡಮ್ ಸಂಖ್ಯೆ ತೆಗೆದುಕೊಂಡು, ಅದನ್ನು ಸಾಲಿನ ಸಂಖ್ಯೆಯಿಂದ ಗುಣಿಸಿ, ಅದಕ್ಕೆ ತಕ್ಕಷ್ಟು ತಿರುಗಿಸಿ. ಜರುಗಿಸುವುದಕ್ಕೂ ಹಾಗೆಯೇ. ಹೆಚ್ಚಿನ ಕಂಪ್ಯೂಟರ್ ಭಾಷೆಗಳು ಎಣಿಕೆಯನ್ನು 0ಯಿಂದ ಶುರುಮಾಡುವುದು ಇಲ್ಲಿ ವರವಾಗುತ್ತದೆ: ಮೊದಲ ಸಾಲಿನ ಸಂಖ್ಯೆ 0, ಅದರಿಂದ ಏನನ್ನು ಗುಣಿಸಿದರೂ 0, ಆದ್ದರಿಂದ ಮೊದಲ ಸಾಲು ಅಲುಗಾಡುವುದಿಲ್ಲ. ಆ ಒಂದು ಗುಣಾಕಾರದಲ್ಲಿ ಇಡೀ ಚಿತ್ರದ ಜೀವವಿದೆ. ಅದನ್ನು ತೆಗೆದುಹಾಕಿ, ಎಲ್ಲ ಸಾಲುಗಳಿಗೂ ಒಂದೇ ಅಳತೆಯ ರ‍್ಯಾಂಡಮ್ ಕೊಟ್ಟು ನೋಡಿ. ಚೌಕಗಳು ಅಷ್ಟೇ ಇವೆ, ನೋಡಲು ಏನೂ ಇಲ್ಲ.

ವೆರಾ ಮೋಲ್ನಾರ್ ಹೆಸರನ್ನೂ ಇಲ್ಲೇ ಹೇಳಬೇಕು. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಚಿತ್ರಕಾರ್ತಿ, 2023ರವರೆಗೆ ಬದುಕಿದ್ದರು. ಕಂಪ್ಯೂಟರ್ ಕೈಗೆ ಸಿಗುವ ಮೊದಲೇ ಅವರು ತಮ್ಮಲ್ಲೊಂದು ಕಾಲ್ಪನಿಕ ಯಂತ್ರವಿದೆ ಎಂದುಕೊಂಡು, ನಿಯಮ ಬರೆದಿಟ್ಟು, ಅದರಂತೆ ಕೈಯಲ್ಲೇ ಹಂತಹಂತವಾಗಿ ಚಿತ್ರಸರಣಿ ಮಾಡುತ್ತಿದ್ದರು. 1968ರಲ್ಲಿ ನಿಜವಾದ ಕಂಪ್ಯೂಟರ್ ಸಿಕ್ಕಿತು. ಕಂಪ್ಯೂಟರ್ ಇಲ್ಲ, ಸಮಯವಿಲ್ಲ ಎನ್ನುವವರಿಗೆ ನಾನು ಇವರನ್ನು ತೋರಿಸುತ್ತೇನೆ. ಹಾಳೆ, ಪೆನ್ಸಿಲ್, ಒಂದು ದಾಳ ಇದ್ದರೆ ಅಲ್ಗಾರಿದಮ್ ಶುರುಮಾಡಬಹುದು.

ಉಪಕರಣದ ಪ್ರಶ್ನೆ ಯಾವಾಗಲೂ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡರೆ ಅದರೊಂದಿಗೆ ಸಾಮಾನ್ಯವಾಗಿ ಆಮೆಯೂ ಬರುತ್ತದೆ. ಮಕ್ಕಳಿಗೆ ಸ್ಕ್ರ್ಯಾಚ್ ಇದೆ. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಕಲಾವಿದರಿಗೆಂದೇ ಶುರುಮಾಡಿದ ಪ್ರೊಸೆಸಿಂಗ್ ಇದೆ, ಅದೇ ಆಶಯವನ್ನು ಬ್ರೌಸರ್‌ಗೆ ತಂದ ಪಿ5 ಜೆಎಸ್ ಇದೆ. ಎಲ್ಲವೂ ಉಚಿತ. ಯಾವುದಾದರೂ ಒಂದನ್ನು ಹಿಡಿಯಿರಿ, ಹೋಲಿಸುತ್ತ ಕೂರಬೇಡಿ. ಎಡವುವ ಕೆಲವು ಜಾಗಗಳನ್ನು ಮಾತ್ರ ಹೇಳಿಬಿಡುತ್ತೇನೆ. ಪೈಥಾನ್ ಆಮೆಗೆ ಸೊನ್ನೆ ಪರದೆಯ ನಡುವೆ, ಮೇಲೆ ಹೋದಂತೆ ಸಂಖ್ಯೆ ಹೆಚ್ಚುತ್ತದೆ. ಪ್ರೊಸೆಸಿಂಗ್‌ನಲ್ಲಿ ಸೊನ್ನೆ ಎಡಗಡೆಯ ಮೇಲ್ಮೂಲೆ, ಕೆಳಗೆ ಹೋದಂತೆ ಹೆಚ್ಚುತ್ತದೆ. ಚಿತ್ರ ತಲೆಕೆಳಗಾದರೆ ಕಾರಣ ಇದು. ಅಲ್ಲಿ ಕೋನಗಳನ್ನು ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ಕೊಡಬೇಕು, 90 ಎಂದು ಬರೆದರೆ ಅದು 90 ಡಿಗ್ರಿಯಲ್ಲ. ಚೌಕವನ್ನು ತಿರುಗಿಸಿದರೆ ಅದು ತನ್ನ ನಡುವಿನ ಸುತ್ತ ತಿರುಗದೆ ಸೊನ್ನೆಯ ಸುತ್ತ ತಿರುಗಿ ಎಲ್ಲೋ ಹಾರಿಹೋಗುತ್ತದೆ. ಮೊದಲು ಸೊನ್ನೆಯನ್ನೇ ಚೌಕದ ನಡುವಿಗೆ ಸರಿಸಿ, ಆಮೇಲೆ ತಿರುಗಿಸಿ. ಮತ್ತೊಂದು, ಪ್ರೊಸೆಸಿಂಗ್ ನಿಮ್ಮ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸುತ್ತಿರುತ್ತದೆ. ಒಳಗೆ ರ‍್ಯಾಂಡಮ್ ಇದ್ದರೆ ಪರದೆ ಪಟಪಟ ಮಿನುಗುತ್ತದೆ. ಒಂದೇ ಸಲ ಬಿಡಿಸಿ ನಿಲ್ಲು ಎಂದು ಹೇಳಬೇಕು.

ಬೇರೆಯವರ ಕೋಡ್ ನಕಲು ಮಾಡಿ ಕಲಿಯಬಹುದೇ ಎಂದು ಕೇಳುತ್ತೀರಿ. ಧಾರಾಳವಾಗಿ. ಆದರೆ ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಓಡಿಸುವ ಮೊದಲು ಏನು ಬರುತ್ತದೆಂದು ಹಾಳೆಯ ಮೇಲೆ ಗೀಚಿಕೊಳ್ಳಿ. ಊಹೆ ಸರಿಯಾದರೆ ಆ ಸಾಲು ನಿಮಗೆ ಅರ್ಥವಾಗಿದೆ. ತಪ್ಪಿದರೆ ಅಲ್ಲೇ ಕೂತು ಇನ್ನೊಂದು ಸಲ ಓದಿ. ಊಹಿಸದೆ ಗುಂಡಿ ಒತ್ತುತ್ತ ಹೋದರೆ ಚಂದದ ಚಿತ್ರಗಳು ಬರುತ್ತವೆ, ಕಲಿಕೆ ಬರುವುದಿಲ್ಲ.

ಇಲ್ಲಿಂದ ಹೋದಮೇಲೆ ಮಾಡಿ ನೋಡಲು ಒಂದು ಕೆಲಸ ಕೊಡುತ್ತೇನೆ. ಶಾಟರ್‌ನ ಚೌಕಗಳನ್ನು ಬಿಡಿಸಿ. ಆಮೇಲೆ ಅವ್ಯವಸ್ಥೆಯನ್ನು ಸಾಲಿನ ಸಂಖ್ಯೆಗೆ ಕಟ್ಟುವ ಬದಲು, ಚಿತ್ರದ ನಡುವಿನಿಂದ ಆ ಚೌಕಕ್ಕಿರುವ ದೂರಕ್ಕೆ ಕಟ್ಟಿ. ನಡುವೆ ಶಾಂತ, ಅಂಚಿನಲ್ಲಿ ಕೋಲಾಹಲ. ಅದನ್ನು ತಿರುವುಮುರುವು ಮಾಡಿ. ಆಮೇಲೆ ಮೌಸ್ ಇರುವ ಜಾಗಕ್ಕೆ ಕಟ್ಟಿ. ಚೌಕದ ಜಾಗದಲ್ಲಿ ನಿಮ್ಮ ಮರವನ್ನೇ ನೆಡಿ, ಕೊಂಬೆಯ 30 ಡಿಗ್ರಿಗೆ ಒಂದಿಷ್ಟು ರ‍್ಯಾಂಡಮ್ ಬೆರೆಸಿ. ಬೆರೆಸುವಾಗ ಒಂದು ಎಚ್ಚರ: ಎಡಕ್ಕೆ ಎಷ್ಟು ತಿರುಗಿದಿರೋ ಆ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಅಷ್ಟೇ ಮರಳಿ ತಿರುಗಬೇಕು, ಇಲ್ಲದಿದ್ದರೆ ಕೊಂಬೆಗಳು ಕಾಂಡದಿಂದ ಕಿತ್ತುಬರುತ್ತವೆ. ಮೆಚ್ಚಿಕೆಯಾದ ಚಿತ್ರ ಬಂದರೆ ಅದನ್ನು ಮತ್ತೆ ತೆಗೆಯಲು ರ‍್ಯಾಂಡಮ್‌ನ ಸೀಡ್ ಸಂಖ್ಯೆ ಬೇಕು. ಸೀಡ್ ಒಂದೇ ಆದರೆ, ಅದೇ ಪ್ರೋಗ್ರಾಮಿನಲ್ಲಿ, ರ‍್ಯಾಂಡಮ್ ಸಂಖ್ಯೆಗಳೂ ಅದೇ ಕ್ರಮದಲ್ಲಿ ಬರುತ್ತವೆ. ಅದನ್ನು ಮೊದಲ ಸಾಲಿನಲ್ಲೇ ಗೊತ್ತುಮಾಡಿ, ಚಿತ್ರ ಉಳಿಸುವಾಗ ಫೈಲಿನ ಹೆಸರಿನೊಳಗೆ ಸೇರಿಸಿ. ಮುಂದಿನ ಸಲ ಬರುವಾಗ ಚಿತ್ರದ ಜೊತೆಗೆ ಆ ಸಂಖ್ಯೆಯನ್ನೂ, ಬರೆದ ಕೋಡನ್ನೂ ತನ್ನಿ, ಒಟ್ಟಿಗೆ ಕೂತು ಓದೋಣ.